ಪುಡಿ ಬಣ್ಣದ ಜಮಾ–ಖರ್ಚು

ಮಕ್ಕಳೇ, ಮುಂದೆ ಓದುವ ಮೊದಲು ಒಮ್ಮೆ ಎದ್ದು ಹೋಗಿ ಮನೆಯ ಸ್ಟೀಲ್ ಬೀರುವಿನ ಬಾಗಿಲನ್ನೋ, ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟನ್ನೋ ಬೆರಳಿನಿಂದ ಸವರಿ ನೋಡಿ. ಬ್ರಷ್ಷಿನ ಗೆರೆ ಇಲ್ಲ, ಸೋರಿ ಗಟ್ಟಿಯಾದ ಬಣ್ಣದ ಹನಿಯೂ ಇಲ್ಲ, ಅಲ್ಲವೇ? ಹಾಗಿದ್ದರೆ ಅದು ಬಹುಶಃ ಡಬ್ಬಿಯಿಂದ ತೆಗೆದು ಬಳಿದ ಬಣ್ಣವಲ್ಲ, ಪುಡಿಯನ್ನು ಎರಚಿ ಒಲೆಯಲ್ಲಿ ಬೇಯಿಸಿದ ಬಣ್ಣ. ಇದಕ್ಕೆ ಪೌಡರ್ ಕೋಟಿಂಗ್ ಎನ್ನುತ್ತಾರೆ. ಅದರ ದಪ್ಪ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ನಿಮ್ಮ ತಲೆಗೂದಲಿನಷ್ಟು.

ಈ ಪುಡಿ ನೋಡಲು ರಂಗೋಲಿ ಪುಡಿಯಂತೆ ಕಂಡರೂ ಅದಕ್ಕಿಂತ ಬಹಳ ನುಣುಪು. ರಾಳ, ಬಣ್ಣ ಮತ್ತು ಗಟ್ಟಿಮಾಡುವ ಒಂದು ರಾಸಾಯನಿಕ ಸೇರಿಸಿ ಅರೆದದ್ದು. ಕಾವು ಕೊಟ್ಟರೆ ಮೊದಲು ಕರಗಿ ಹರಡಿಕೊಳ್ಳುತ್ತದೆ, ಆಮೇಲೆ ಒಳಗೊಳಗೇ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಮತ್ತೆ ಕಾಯಿಸಿದರೆ ಕರಗುವುದಿಲ್ಲ. ತುಪ್ಪವನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು, ಆದರೆ ಕಾವಲಿಯಿಂದ ಇಳಿದ ದೋಸೆ ಮತ್ತೆ ಹಿಟ್ಟಾಗುವುದುಂಟೇ? ಈ ಬಣ್ಣ ದೋಸೆಯ ಜಾತಿ.

1953ರಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಇಂಥ ಒಂದು ವಿಧಾನಕ್ಕೆ ಪೇಟೆಂಟ್ ಕೇಳಿದರು. ಅವರ ವಿಧಾನದಲ್ಲಿ ತೊಟ್ಟಿಯೊಳಗಿನ ಪುಡಿಯನ್ನು ಕೆಳಗಿನಿಂದ ಗಾಳಿ ಊದಿ ತೇಲಿಸಿ, ಕಾಯಿಸಿದ ಲೋಹವನ್ನು ಅದರಲ್ಲಿ ಮುಳುಗಿಸಿ ತೆಗೆಯುತ್ತಿದ್ದರು. 1960ರ ದಶಕದಲ್ಲಿ ವಿದ್ಯುತ್ತಿನ ಬಲದಿಂದ ಪುಡಿಯನ್ನು ಅಂಟಿಸುವ ಗನ್ನು ಬಳಕೆಗೆ ಬಂತು. ಈಗ ನಮ್ಮ ಬೆಂಗಳೂರಿನ ಪೀಣ್ಯದಲ್ಲಿ ಬೀದಿಬೀದಿಗೂ ಈ ಕೆಲಸದ ಘಟಕಗಳಿವೆ.

ವಿದ್ಯುತ್ತಿನಿಂದ ಪುಡಿ ಅಂಟುವುದು ಹೇಗೆಂದು ಮನೆಯಲ್ಲೇ ನೋಡಬಹುದು. ತಟ್ಟೆಯಲ್ಲಿ ಒಂದು ಚಮಚ ಉಪ್ಪು, ಒಂದು ಚಿಟಿಕೆ ಕಾಳುಮೆಣಸಿನ ಪುಡಿ ಬೆರೆಸಿ. ಊದಿದ ಬಲೂನನ್ನು ಒಣ ತಲೆಗೂದಲಿಗೆ ಚೆನ್ನಾಗಿ ಉಜ್ಜಿ, ತಟ್ಟೆಯ ಮೇಲೆ ಮೆಲ್ಲನೆ ತನ್ನಿ. ಹಗುರಾದ ಮೆಣಸಿನ ಪುಡಿ ಮೊದಲು ಹಾರಿ ಬಲೂನಿಗೆ ಅಂಟಿಕೊಳ್ಳುತ್ತದೆ. ಮಳೆಗಾಲದ ದಿನ ಈ ಆಟ ಸರಿಯಾಗಿ ನಡೆಯದು, ಒಣಹವೆ ಬೇಕು. ಆ ಒಣಹವೆಯ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಇಷ್ಟೆಲ್ಲ ಪೀಠಿಕೆಗೆ ಕಾರಣ ನಮ್ಮ ಬೀದಿಯ ಕೊನೆಯಲ್ಲಿ ಗ್ರಿಲ್ ವೆಲ್ಡಿಂಗ್ ಅಂಗಡಿ ಇಟ್ಟಿರುವ ಹುಡುಗ. ಹುಡುಗ ಎಂದರೆ ಮೂವತ್ತು ದಾಟಿದ ಸಂಸಾರಿ, ಎಪ್ಪತ್ತು ದಾಟಿದ ನನ್ನ ಕಣ್ಣಿಗೆ ಹುಡುಗ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಅವನ ಅಂಗಡಿಯ ಲೆಕ್ಕ ಬರೆದುಕೊಡುವುದು ನನ್ನ ತಿಂಗಳ ಕೆಲಸಗಳಲ್ಲೊಂದು. ಹೂಕುಂಡದ ಸ್ಟ್ಯಾಂಡು, ಮನೆಯ ಹೆಸರಿನ ಫಲಕ, ಸೈಕಲ್ ಕ್ಯಾರಿಯರ್ ಇಂಥ ಸಣ್ಣ ಸಾಮಾನಿಗೆ ಬಣ್ಣ ಹಾಕಿಸಲು ಅವನು ಪೀಣ್ಯಕ್ಕೆ ಹೋಗಬೇಕು. ನಾಲ್ಕೈದು ಸಾಮಾನಿಗೆ ಅಲ್ಲಿ ಯಾರೂ ಒಲೆ ಹೊತ್ತಿಸುವುದಿಲ್ಲ, ದೊಡ್ಡ ಆರ್ಡರಿನ ಜೊತೆ ಸೇರಿಸುವವರೆಗೆ ಕಾಯಬೇಕು. ಆಟೋ ಬಾಡಿಗೆ ಬೇರೆ. ಹಾಗಾಗಿ ಆನ್‌ಲೈನಿನಲ್ಲಿ ಕಡಿಮೆ ಬೆಲೆಯ ಒಂದು ಪೌಡರ್ ಕೋಟಿಂಗ್ ಕಿಟ್ ತರಿಸಿಕೊಂಡ. ಒಂದು ಗನ್ನು, ಒಂದು ಕರೆಂಟಿನ ಪೆಟ್ಟಿಗೆ, ಒಂದು ಕ್ಲಿಪ್ಪು, ಎರಡು ಪುಡಿ ಡಬ್ಬಿ.

ವಾರ ಕಳೆಯುವುದರೊಳಗೆ ಪೆಟ್ಟಿಗೆ ಹೊತ್ತುಕೊಂಡು ನಮ್ಮ ಮನೆಗೇ ಬಂದ.

“ಸಾರ್, ಪುಡಿ ನಿಲ್ತಾನೇ ಇಲ್ಲ. ಹೊಡೀತೀನಿ, ಉದುರೋಗುತ್ತೆ. ದುಡ್ಡು ನೀರಿಗೆ ಬಿತ್ತು ಅನ್ಸುತ್ತೆ.”

“ಎಲ್ಲಿಟ್ಟು ಮಾಡಿದೆಯಪ್ಪಾ?”

“ಅಂಗಡಿ ಹಿಂದಿನ ರೂಮಲ್ಲೇ ಸಾರ್. ರಾತ್ರಿ ಹೊತ್ತು.”

ಅಂಗಡಿಯ ಹಿಂದಿನ ರೂಮು ಎಂದರೆ ಅವನ ಮನೆ. ಅಲ್ಲೇ ಗ್ಯಾಸ್ ಒಲೆ, ಅಲ್ಲೇ ಹಾಸಿಗೆ. ನಾಲ್ಕು ವರ್ಷದ ಮಗಳು ಮಲಗುವುದೂ ಅಲ್ಲೇ. ಸಾಲ ಮಂಜೂರು ಮಾಡುವಾಗ ಬ್ಯಾಂಕು ಷರತ್ತು ಹಾಕುವಂತೆ ನಾನೂ ಒಂದು ಷರತ್ತು ಹಾಕಿದೆ: ನಿನ್ನ ಕಿಟ್ಟನ್ನು ಸರಿಮಾಡೋಣ, ಆದರೆ ನನ್ನ ಕಾರ್ ಶೆಡ್ಡಿನಲ್ಲಿ. ಎಲ್ಲ ಮುಗಿಯುವ ತನಕ ಆ ಗನ್ನು ನಿನ್ನ ಮನೆಯ ಹೊಸಿಲು ದಾಟಬಾರದು. ಒಪ್ಪಿದ.

ಆರು ಭಾನುವಾರ ಕೂತೆವು. ಏಳನೇ ಕ್ಲಾಸಿನ ನನ್ನ ಮೊಮ್ಮಗಳು ನೋಟ್‌ಬುಕ್ ಹಿಡಿದು ಬರೆದುಕೊಂಡಳು. ಗನ್ನಿನ ಹೊಟ್ಟೆಯನ್ನು ನಾವು ಬಿಚ್ಚಲೇ ಇಲ್ಲ. ಅದರ ಮೇಲೆ 15 ಸಾವಿರ ವೋಲ್ಟ್ ಎಂದು ಬರೆದಿತ್ತು. ಕಾರ್ಖಾನೆಯ ಗನ್ನು 1 ಲಕ್ಷ ವೋಲ್ಟ್‌ವರೆಗೂ ಹೋಗುತ್ತದೆ. ಹಾಗೆಂದು ಚಿಕ್ಕದನ್ನು ಬಿಚ್ಚಿ ದೊಡ್ಡದು ಮಾಡಲು ಹೋಗಬಾರದು. ಸ್ವಿಚ್ ಆರಿಸಿದ ಮೇಲೂ ಅಂಥ ಪೆಟ್ಟಿಗೆಯೊಳಗೆ ವಿದ್ಯುತ್ತು ಉಳಿದಿರಬಹುದು. ನಾವು ತಿದ್ದಿದ್ದೆಲ್ಲ ಗನ್ನಿನ ಸುತ್ತಲಿನ ವ್ಯವಸ್ಥೆಯನ್ನು. ಒಟ್ಟು ನಾಲ್ಕು ತಿದ್ದುಪಡಿ.

ಮೊದಲನೆಯದು ಅರ್ತಿಂಗ್. ಗನ್ನಿನಿಂದ ಹೊರಡುವ ಪುಡಿಯ ಕಣಕಣಕ್ಕೂ ವಿದ್ಯುತ್ತಿನ ಹೊರೆ ಇರುತ್ತದೆ. ಸಾಮಾನಿಗೆ ಭೂಮಿಯೊಡನೆ ಸಂಪರ್ಕವಿದ್ದರೆ ಪುಡಿ ಅದರತ್ತ ಸೆಳೆಯಲ್ಪಡುತ್ತದೆ, ಜೊತೆಗೆ ಬಂದ ವಿದ್ಯುತ್ತು ಭೂಮಿಗೆ ಇಳಿದುಹೋಗುತ್ತದೆ. ಸಂಪರ್ಕವಿಲ್ಲದಿದ್ದರೆ ವಿದ್ಯುತ್ತು ಸಾಮಾನಿನ ಮೇಲೇ ಕೂಡಿಕೊಂಡು, ಮುಂದೆ ಬರುವ ಪುಡಿಯನ್ನು ಆಚೆ ತಳ್ಳುತ್ತದೆ. ಬಿ.ಕಾಂ. ಓದಿದ ನನಗೆ ಇದು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಲೆಡ್ಜರಿನಲ್ಲಿ ಒಂದು ಕಡೆ ಬರೆದ ಮೊತ್ತ ಇನ್ನೊಂದು ಕಡೆ ಬರಲೇಬೇಕು, ಇಲ್ಲದಿದ್ದರೆ ಸಂಜೆ ಲೆಕ್ಕ ಕೂಡುವುದಿಲ್ಲ. ಹುಡುಗ ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಕೆಲಸ ಮಾಡಿದ್ದ. ಮೂರನೇ ಪಿನ್ನಿಗೆ ಜಾಗವೇ ಇರಲಿಲ್ಲ. ಪುಡಿ ಉದುರಿದ್ದು ಅದಕ್ಕೇ.

ಎಲೆಕ್ಟ್ರಿಷಿಯನ್ ಬಂದು ನಮ್ಮ ಮನೆಯ ಅರ್ತಿಂಗ್ ಗುಂಡಿಯನ್ನು ಪರೀಕ್ಷಿಸಿ, ಅಲ್ಲಿಂದ ಶೆಡ್ಡಿಗೆ ದಪ್ಪ ಹಸಿರು ತಂತಿ ಎಳೆದ. ಸಾಮಾನು ನೇತುಹಾಕುವ ಕಬ್ಬಿಣದ ಸರಳಿಗೆ ಅದನ್ನು ಬಿಗಿದ. ಕೆಲಸ ಶುರುವಾಗುವ ಮೊದಲು, ಗನ್ನಿನ ಪ್ಲಗ್ ತೆಗೆದಿಟ್ಟು, ಮೊಮ್ಮಗಳು ಮಲ್ಟಿಮೀಟರ್ ಹಿಡಿದು ಕೊಕ್ಕೆಗೂ ಹಸಿರು ತಂತಿಗೂ ಸಂಪರ್ಕ ನೋಡುತ್ತಾಳೆ. ಬೀಪ್ ಎಂದರೆ ಸರಿ. ಮೂರನೇ ಭಾನುವಾರ ಬೀಪ್ ಎನ್ನಲಿಲ್ಲ.

“ತಾತ, ತಂತಿ ಎಲ್ಲಾ ಸರಿ ಇದೆ. ಕೊಕ್ಕೆಗೇ ಬಣ್ಣ ಹತ್ತಿಬಿಟ್ಟಿದೆ!”

ನಿಜ. ಪ್ರತಿ ಸಲವೂ ಸಾಮಾನಿನ ಜೊತೆ ಕೊಕ್ಕೆಯೂ ಬೇಯುತ್ತದೆ. ಅದರ ಮೇಲಿನ ಬಣ್ಣ ಪ್ಲಾಸ್ಟಿಕ್ ಹೊದಿಕೆಯಂತೆ ವಿದ್ಯುತ್ತನ್ನು ತಡೆಯುತ್ತದೆ. ಕೊಕ್ಕೆಯಿಂದ ಭೂಮಿಯವರೆಗಿನ ತಡೆ ಒಂದು ಮೆಗಾಓಮ್ ಮೀರಬಾರದು ಎಂಬುದು ಕಾರ್ಖಾನೆಗಳ ಕಟ್ಟಳೆ. ನಮ್ಮ ಕಟ್ಟಳೆ ಇನ್ನೂ ಸರಳ: ಸಾಮಾನು ತಾಗುವ ತುದಿಯನ್ನು ಪ್ರತಿ ಸಲವೂ ಅರದಿಂದ ಉಜ್ಜಿ ಹೊಳೆಯುವಂತೆ ಮಾಡಬೇಕು.

ಎರಡನೆಯದು ಗಾಳಿ. ಕಂಪ್ರೆಸರ್ ಗಾಳಿಯನ್ನು ಒತ್ತಿ ತುಂಬುವಾಗ ಅದು ಬಿಸಿಯಾಗುತ್ತದೆ, ಟ್ಯಾಂಕಿನಲ್ಲಿ ತಣಿಯುವಾಗ ನೀರು ಬಿಡುತ್ತದೆ. ಆ ತೇವ ಪುಡಿಗೆ ಸೇರಿದರೆ ಗಂಟು ಕಟ್ಟುತ್ತದೆ, ಗನ್ನು ಕೆಮ್ಮಿಕೆಮ್ಮಿ ಉಗುಳುತ್ತದೆ. ಮಳೆಗಾಲದಲ್ಲಿ ಬಲೂನಿನ ಆಟ ಕೆಡುತ್ತದೆ ಎಂದೆನಲ್ಲ, ಇಲ್ಲೂ ತೇವವೇ ಶತ್ರು. ಪೈಪಿನ ದಾರಿಯಲ್ಲಿ ನೀರು ಹಿಡಿಯುವ ಫಿಲ್ಟರ್ ಒಂದು, ಅದರ ಮುಂದೆ ಸಿಲಿಕಾ ಜೆಲ್ ತುಂಬಿದ ಡಬ್ಬಿ ಒಂದು ಸೇರಿಸಿದೆವು. ಹೊಸ ಶೂ ಪೆಟ್ಟಿಗೆಯಲ್ಲಿ ಚಿಕ್ಕ ಪೊಟ್ಟಣ ಇರುತ್ತದಲ್ಲ, ಅದೇ ಹರಳು.

ಇನ್ನೊಂದು ತೊಡಕು ಒತ್ತಡದ್ದು. ಈ ಚಿಕ್ಕ ಗನ್ನಿಗೆ ಸುಮಾರು 10 ಪಿ.ಎಸ್.ಐ. ಒತ್ತಡ ಸಾಕು. ಕಂಪ್ರೆಸರಿನ ಗೇಜಿನಲ್ಲಿ 150ರ ತನಕ ಅಂಕಿ ಇದ್ದರೆ ಅದರಲ್ಲಿ 10 ಯಾವುದು, 18 ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗೆ. 30ರವರೆಗೆ ಮಾತ್ರ ಅಂಕಿ ಇರುವ ಚಿಕ್ಕ ರೆಗ್ಯುಲೇಟರನ್ನು ಗನ್ನಿನ ಹತ್ತಿರವೇ ಕೂರಿಸಿದೆವು. ಅಂದಿನಿಂದ ಪುಡಿ ಧೂಪದ ಹೊಗೆಯಂತೆ ಮೆಲ್ಲಗೆ ಬರತೊಡಗಿತು. ಒಳಮೂಲೆಗಳಿಗೆ ಪುಡಿ ತಾನಾಗಿ ಹೋಗುವುದಿಲ್ಲ, ವಿದ್ಯುತ್ತು ಅಂಚುಗಳಿಗೇ ಅದನ್ನು ಎಳೆಯುತ್ತದೆ. ಮೂಲೆಗೆ ಮೊದಲು, ಮೆಲ್ಲನೆ, ಬಯಲಿಗೆ ಆಮೇಲೆ ಹೊಡೆಯಬೇಕು.

ಮೂರನೆಯದು ಒಲೆ. ನನ್ನಾಕೆ ಕೇಕು ಮಾಡುತ್ತಿದ್ದ ಹಳೆಯ ಕರೆಂಟಿನ ಓವನ್ ಅಟ್ಟದ ಮೇಲಿತ್ತು. ಕೊಡುವಾಗಲೇ ಹೇಳಿದಳು: “ರೀ, ಇದು ಮತ್ತೆ ನನ್ನ ಅಡುಗೆಮನೆಗೆ ಬರಕೂಡದು.” ಅವಳ ಮಾತು ನೂರಕ್ಕೆ ನೂರು ಸರಿ. ಒಮ್ಮೆ ಪುಡಿ ಬೇಯಿಸಿದ ಓವನ್ನಿನಲ್ಲಿ ಮತ್ತೆಂದೂ ತಿನ್ನುವ ಪದಾರ್ಥ ಮಾಡಬಾರದು. ಅದರ ಬಾಗಿಲಿನ ಮೇಲೆ ಕೆಂಪು ಅಕ್ಷರದಲ್ಲಿ “ಅಡುಗೆಗಲ್ಲ” ಎಂದು ಬರೆಸಿದೆ. ಅದಕ್ಕೆ 16 ಆಂಪಿಯರಿನ ಸಾಕೆಟ್ಟು ಬೇರೆಯೇ ಹಾಕಿಸಿದೆ.

ಸಾಮಾನ್ಯ ಪುಡಿಗೆ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಯಾವುದರ 200? ಒಲೆಯದಲ್ಲ, ಲೋಹದ್ದು. ಕಾವಲಿ ಕಾಯದೆ ದೋಸೆ ಹುಯ್ಯುತ್ತಾರೆಯೇ? ಥರ್ಮೋಕಪಲ್ ಎಂಬ ತೆಳು ತಂತಿಯ ತುದಿಯನ್ನು ಸಾಮಾನಿಗೇ ತಾಗಿಸಿ ಕಟ್ಟಿ, ಹೊರಗಿನ ಅಂಕಿಯ ಪೆಟ್ಟಿಗೆಗೆ ಜೋಡಿಸಿದೆವು. ಓವನ್ನಿನ ಗುಂಡಿ 200 ಎನ್ನುತ್ತಿದ್ದಾಗ ಲೋಹ ಇನ್ನೂ 164ರಲ್ಲಿತ್ತು ಎಂದು ಮೊಮ್ಮಗಳ ನೋಟ್‌ಬುಕ್ ಹೇಳುತ್ತದೆ. ಲೋಹ 200 ಮುಟ್ಟಿದ ಮೇಲೆ 10 ನಿಮಿಷ ಎಣಿಸಬೇಕು. ಅರೆಬೆಂದ ಬಣ್ಣ ನೋಡಲು ಚೆನ್ನಾಗೇ ಇರುತ್ತದೆ, ನಾಲ್ಕು ತಿಂಗಳಿಗೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಆಗ ಗಿರಾಕಿ ಬಂದು ನಿಲ್ಲುವುದು ಹುಡುಗನ ಅಂಗಡಿಯ ಮುಂದೆ. ದೂರದಿಂದ ಗುರಿಯಿಟ್ಟು ಕಾವು ಅಳೆಯುವ ಥರ್ಮಾಮೀಟರನ್ನು ಇಲ್ಲಿ ನಂಬಬಾರದು, ಹೊಳೆಯುವ ಲೋಹದ ಮುಂದೆ ಅದು ಕಡಿಮೆ ತೋರಿಸುತ್ತದೆ. ಕಾಯಿಲಿನ ಎದುರಿಗಿರುವ ಮಗ್ಗುಲು ಸೀದುಹೋಗದಂತೆ ನಡುವೆ ಒಂದು ಸ್ಟೀಲ್ ತಗಡನ್ನೂ ನಿಲ್ಲಿಸಿದೆವು.

ನಾಲ್ಕನೆಯದು ಧೂಳು. ಹುಡುಗನಿಗೆ ಇದೇ ಎಲ್ಲಕ್ಕಿಂತ ಮುಖ್ಯವೆಂದು ಒಪ್ಪಿಸಲು ಎರಡು ಭಾನುವಾರ ಹಿಡಿಯಿತು. ಗುಡ್ಡೆಯಾಗಿ ಬಿದ್ದಿರುವ ಹಿಟ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಅದೇ ಹಿಟ್ಟು ಮುಚ್ಚಿದ ಕೋಣೆಯ ಗಾಳಿಯಲ್ಲಿ ದಟ್ಟವಾಗಿ ತೇಲುತ್ತಿರುವಾಗ ಕಿಡಿ ತಾಗಿದರೆ ಸ್ಫೋಟವಾಗಬಹುದು. ಹಿಟ್ಟಿನ ಗಿರಣಿಗಳಲ್ಲಿ, ಸಕ್ಕರೆ ಕಾರ್ಖಾನೆಗಳಲ್ಲಿ ಹೀಗಾದದ್ದುಂಟು. ಬಣ್ಣದ ಪುಡಿಗೂ ಇದೇ ಗುಣ. ಈಗ ಯೋಚಿಸಿ: ಅಂಗಡಿಯ ಮುಂಭಾಗದಲ್ಲಿ ವೆಲ್ಡಿಂಗಿನ ಕಿಡಿ, ಹಿಂಭಾಗದಲ್ಲಿ ಗ್ಯಾಸ್ ಒಲೆ, ದೇವರ ಮುಂದೆ ದೀಪ, ನಡುವೆ ತೇಲುವ ಪುಡಿ. ಪಕ್ಕದಲ್ಲಿ ಮಲಗಿದ ಮಗು.

ಅವನು ಆ ದಿನ ಮಾತಾಡಲಿಲ್ಲ. ಮುಂದಿನ ವಾರ ಬಂದವನೇ, “ಸಾರ್, ರೂಮಿನಲ್ಲಿ ಬೇಡ. ಹೆಂಡ್ತೀಗೂ ಹೇಳ್ದೆ. ಅವಳು ಗನ್ ಎತ್ತಿ ಬಿಸಾಕು ಅಂದ್ಲು,” ಎಂದ.

ಬಿಸಾಡಲಿಲ್ಲ. ಹಳೆಯ ಬೀರುವಿನ ಬಾಗಿಲು ಕಳಚಿ, ಅದನ್ನೇ ಎರಚುವ ಗೂಡು ಮಾಡಿದೆವು. ಗೂಡಿಗೂ ಅರ್ತಿಂಗ್ ಕೊಟ್ಟೆವು. ಹಿಂಬದಿ ಕೊರೆದು ವಾಹನದ ಏರ್ ಫಿಲ್ಟರ್ ಕೂರಿಸಿ, ಅದರಾಚೆಯಿಂದ ಗಾಳಿ ಎಳೆಯುವ ಫ್ಯಾನು ಇಟ್ಟೆವು. ಫ್ಯಾನಿನ ಮೋಟಾರು ಪುಡಿಯ ದಾರಿಯಲ್ಲಿ ಇಲ್ಲ, ದೀಪವೂ ಗೂಡಿನ ಹೊರಗೆ. ಎರಚುವ ಗೂಡು ಶೆಡ್ಡಿನ ಒಂದು ತುದಿಗೆ, ಓವನ್ ಇನ್ನೊಂದು ತುದಿಗೆ. ಎರಚಿ ಮುಗಿದು, ಪುಡಿ ಅಡಗಿ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆಯೇ ಓವನ್ನಿನ ಸ್ವಿಚ್ಚು. ಮನೆಯ ವ್ಯಾಕ್ಯೂಮ್ ಕ್ಲೀನರಿನಿಂದ ಈ ಪುಡಿ ಎಳೆಯಬಾರದು, ಅದರ ಮೋಟಾರಿನಲ್ಲೇ ಕಿಡಿ ಇರುತ್ತದೆ. ಪೆಟ್ರೋಲ್ ಇರುವ ಸ್ಕೂಟರು ಮೊದಲೇ ರಸ್ತೆಗೆ. ಶೆಡ್ಡಿನ ಬಾಗಿಲು ಸದಾ ತೆರೆದಿರಬೇಕು. ಎರಚುವವನ ಮೂಗಿಗೆ ಒಳ್ಳೆಯ ಮಾಸ್ಕು, ಕಣ್ಣಿಗೆ ಕನ್ನಡಕ. ಮೊಮ್ಮಗಳಿಗೆ ಮೀಟರ್ ಹಿಡಿಯುವ ಅಧಿಕಾರವಿದೆ, ಗನ್ನು ಹಿಡಿಯುವ ಅಧಿಕಾರವಿಲ್ಲ. ಎರಚುವ ಹೊತ್ತಿಗೆ ಅವಳು ಮನೆಯೊಳಗೆ.

ಪುಡಿ ಕೊಳ್ಳುವಾಗಲೂ ಎರಡು ಪ್ರಶ್ನೆ ಕೇಳಬೇಕು. ಬಿಸಿಲಿಗೋ ನೆರಳಿಗೋ? ಎಪಾಕ್ಸಿ ಪುಡಿ ಬಿಸಿಲಿನಲ್ಲಿ ಸುಣ್ಣದಂತೆ ಮಾಸುತ್ತದೆ, ಹೊರಗಿನ ಸಾಮಾನಿಗೆ ಪಾಲಿಯೆಸ್ಟರ್ ಪುಡಿಯೇ ಬೇಕು. ಎರಡನೆಯದು, ಅದರಲ್ಲಿ ಟಿ.ಜಿ.ಐ.ಸಿ. ಇದೆಯೋ ಇಲ್ಲವೋ? ಕೆಲವು ಪಾಲಿಯೆಸ್ಟರ್ ಪುಡಿಗಳಲ್ಲಿ ಗಟ್ಟಿಮಾಡಲು ಬಳಸುವ ಈ ವಸ್ತು ಚರ್ಮಕ್ಕೆ ಅಲರ್ಜಿ ತರುತ್ತದೆ. ವಂಶವಾಹಿಗೂ ಹಾನಿ ಮಾಡಬಲ್ಲದ್ದೆಂದು ಯುರೋಪಿನಲ್ಲಿ ಅದನ್ನು ವರ್ಗೀಕರಿಸಿದ್ದಾರೆ. ಅದಿಲ್ಲದ ಪುಡಿಗಳೂ ಸಿಗುತ್ತವೆ, ಕೇಳಿ ಪಡೆಯಬೇಕು.

ಇನ್ನು ಸಾಮಾನನ್ನು ತೊಳೆಯುವುದು. ದೊಡ್ಡ ಘಟಕಗಳಲ್ಲಿ ಏಳು ತೊಟ್ಟಿಗಳ ಸಾಲಿರುತ್ತದೆ. ಎಣ್ಣೆ ತೆಗೆಯಲು, ತುಕ್ಕು ತೆಗೆಯಲು, ಫಾಸ್ಫೇಟ್ ಪದರ ಕೊಡಲು, ನಡುನಡುವೆ ನೀರಿಗೆ ಅದ್ದಲು. ನಮಗೆ ಏಳು ತೊಟ್ಟಿ ಎಲ್ಲಿ ಬರಬೇಕು? ಹಳೆಯ ಬಣ್ಣವನ್ನೂ ತುಕ್ಕನ್ನೂ ಎಮರಿ ಕಾಗದದಿಂದ ಪೂರ್ತಿ ಉಜ್ಜಿ, ಸೋಪಿನಲ್ಲಿ ತೊಳೆದು, ಒಣಗಿಸಿ, ಪುಡಿ ಇಲ್ಲದೆ ಒಮ್ಮೆ ಓವನ್ನಿನಲ್ಲಿ ಕಾಯಿಸುತ್ತೇವೆ. ಲೋಹದ ಸಂದಿನಲ್ಲಿ ಅಡಗಿದ ಎಣ್ಣೆ, ತೇವ ಆಗಲೇ ಹೊರಬೀಳುತ್ತದೆ. ಪುಡಿ ಹಾಕಿದ ಮೇಲೆ ಹೊರಬಿದ್ದರೆ ಬಣ್ಣದಲ್ಲಿ ಗುಳ್ಳೆ. ತೊಳೆದ ಮೇಲೆ ಬರಿಗೈ ತಾಗಿಸುವಂತಿಲ್ಲ, ಬೆರಳಿನ ಜಿಡ್ಡೂ ಅಂಟುವುದನ್ನು ತಡೆಯುತ್ತದೆ.

ಸುದ್ದಿ ಹಬ್ಬಿತು. ಎದುರುಮನೆಯ ಕಾಲೇಜು ಹುಡುಗ ತನ್ನ ಬೈಕಿನ ಅಲಾಯ್ ಚಕ್ರ ಹೊತ್ತು ತಂದ. “ಕಪ್ಪು ಮಾಡಿಕೊಡಿ ಅಂಕಲ್, ಎಷ್ಟಾದರೂ ಪರವಾಗಿಲ್ಲ.” ಆಗುವುದಿಲ್ಲ ಎಂದೆ. ಚಕ್ರದ ಕಾರ್ಖಾನೆಯವರೂ ಪೌಡರ್ ಹಾಕುತ್ತಾರೆ ನಿಜ, ಅವರು ಎಷ್ಟು ಕಾವು, ಎಷ್ಟು ಹೊತ್ತು ಎಂದು ಅಳೆದು ಹಾಕುತ್ತಾರೆ. ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಬಲ ಬಂದಿರುವುದೇ ಹದವಾದ ಕಾವಿನಿಂದ. ಲೆಕ್ಕ ತಪ್ಪಿ ಮತ್ತೆ ಕಾಯಿಸಿದರೆ ಆ ಬಲ ಕುಗ್ಗಬಹುದು, ಹೊರಗಿನಿಂದ ಏನೂ ಕಾಣುವುದಿಲ್ಲ. ಚಕ್ರ, ಬ್ರೇಕಿನ ಭಾಗ, ಸ್ಪ್ರಿಂಗು, ಬೇರಿಂಗ್ ಇರುವ ಭಾಗ ನಮ್ಮ ಶೆಡ್ಡಿನಲ್ಲಿ ಇಲ್ಲ. ಹುಡುಗ ಮುಖ ಊದಿಸಿಕೊಂಡು ಹೋದ. ಅವನ ತಾಯಿ ಮರುದಿನ ಸಿಕ್ಕಾಗ ಮುಖ ಊದಿಸಿಕೊಂಡಿರಲಿಲ್ಲ.

ಈಗ ಲೆಕ್ಕ. ಕಿಟ್ಟಿಗೆ ಕೊಟ್ಟದ್ದನ್ನು ಒಂದು ರೂಪಾಯಿ ಎಂದಿಟ್ಟುಕೊಂಡರೆ, ಅರ್ತಿಂಗ್ ತಂತಿ, ಫಿಲ್ಟರ್, ರೆಗ್ಯುಲೇಟರ್, ಥರ್ಮೋಕಪಲ್, ಗೂಡು, ಮಾಸ್ಕು ಎಲ್ಲ ಸೇರಿ ಇನ್ನೊಂದೂಮುಕ್ಕಾಲು ರೂಪಾಯಿ ಆಯಿತು. ಓವನ್ನೂ ಕಂಪ್ರೆಸರೂ ಮೊದಲೇ ಇದ್ದವು, ಇಲ್ಲದಿದ್ದರೆ ಇನ್ನೂ ಏರುತ್ತಿತ್ತು. ಅಗ್ಗದ ಕಿಟ್ಟು ಕೊಳ್ಳಲು ಹೊರಟವರು ಈ ಎರಡನೇ ಸಾಲನ್ನೂ ಬರೆದುಕೊಂಡು ಕೂಡಬೇಕು. ಅದು ಕೈಗೆ ಎಟುಕದಿದ್ದರೆ ಪೀಣ್ಯಕ್ಕೆ ಆಟೋ ಹಿಡಿಯುವುದೇ ಮೇಲು. ಕರೆಂಟಿನ ಖರ್ಚು ಅಷ್ಟಿಲ್ಲ. 2000 ವ್ಯಾಟಿನ ಓವನ್ ಒಂದು ಗಂಟೆ ಪೂರ್ತಿ ಉರಿದರೂ 2 ಯೂನಿಟ್ಟು.

ಹುಡುಗ ಈಗ ವಾರಕ್ಕೆ ಎರಡು ಬೆಳಿಗ್ಗೆ ನಮ್ಮ ಶೆಡ್ಡಿಗೆ ಬರುತ್ತಾನೆ. ಯೂನಿಟ್ಟಿನ ಲೆಕ್ಕ ಬರೆದು ತಿಂಗಳ ಕೊನೆಗೆ ದುಡ್ಡು ಕೊಡುತ್ತಾನೆ, ನಾನೂ ಬೇಡ ಎನ್ನುವುದಿಲ್ಲ, ವ್ಯಾಪಾರ ವ್ಯಾಪಾರದ ಹಾಗೇ ಇರಲಿ. ಓವನ್ನಿನಲ್ಲಿ ಹಿಡಿಸದ ಗೇಟು, ಗ್ರಿಲ್ಲುಗಳು ಮೊದಲಿನಂತೆ ಪೀಣ್ಯಕ್ಕೇ ಹೋಗುತ್ತವೆ. ಅಂಗಡಿಯ ಹಿಂದೆ ಖಾಲಿ ಬಿದ್ದಿರುವ ಜಾಗಕ್ಕೆ ಶೀಟು ಹಾಕಿಸಲು ಮಾಲೀಕರನ್ನು ಕೇಳಿದ್ದಾನೆ. ಅವರು ಒಪ್ಪಿದರೆ ಹಸಿರು ತಂತಿಯ ಖರ್ಚೇ ಅಲ್ಲಿನ ಮೊದಲ ಖರ್ಚು ಎಂದು ಅವನ ಪುಸ್ತಕದಲ್ಲಿ ಈಗಲೇ ಬರೆದಿಟ್ಟಿದ್ದೇನೆ.

ಪೌಡರ್ ಕೋಟಿಂಗಿನ ಗೊಡವೆ ಬೇಡ ಎನ್ನುವ ಮನೆಗಳಿಗೂ ಒಂದು ಮಾತು. ನಿಮ್ಮ ಇಸ್ತ್ರಿಪೆಟ್ಟಿಗೆ, ಗೀಸರ್, ವಾಷಿಂಗ್ ಮೆಷಿನ್ ಯಾವ ಸಾಕೆಟ್ಟಿಗೆ ಸಿಕ್ಕಿಸಿದ್ದೀರಿ ನೋಡಿ. ಮೂರು ತೂತು ಇದ್ದ ಮಾತ್ರಕ್ಕೆ ಮೂರನೆಯದರ ಹಿಂದೆ ತಂತಿ ಇದೆ ಎಂದಲ್ಲ, ಹಳೆಯ ಮನೆಗಳಲ್ಲಂತೂ ಅನೇಕ ಕಡೆ ಇರುವುದಿಲ್ಲ. ಮುಂದಿನ ಸಲ ಎಲೆಕ್ಟ್ರಿಷಿಯನ್ ಬಂದಾಗ, “ಅಣ್ಣಾ, ಈ ಮೂರನೇ ತೂತಿಗೆ ಅರ್ತಿಂಗ್ ಇದೆಯಾ?” ಎಂದು ಮಕ್ಕಳೇ, ನೀವೇ ಕೇಳಿ. ಅವರು ಮೀಟರ್ ಇಟ್ಟು ತೋರಿಸುವವರೆಗೂ ಬಿಡಬೇಡಿ.